ಶ್ವೇತವಸ್ತ್ರವೂ ಸ್ತ್ರೀವಿದ್ಯೆಯೂ: ಸುರಪುರ ಸೀಮೆಯ ಇತಿಹಾಸದಲ್ಲಿ ಒಂದು ಪ್ರಶ್ನೆ

ವಿಕ್ಟೋರಿಯಾ ರಾಣಿಯ ಆಳಿಕೆಯ ಕಾಲದಲ್ಲಿ (1837–1901) ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕೆಯಲ್ಲಿ, ವಿದ್ಯಾಭ್ಯಾಸವನ್ನು ಮುಗಿಸಿದ ತರುಣಿಯು ಬಿಳಿಯ ಹತ್ತಿಬಟ್ಟೆಯ ಉಡುಪನ್ನು ಧರಿಸಿ, ಸಭೆಯ ಸಮಕ್ಷಮದಲ್ಲಿ ಪ್ರಶಸ್ತಿಪತ್ರವನ್ನು ಸ್ವೀಕರಿಸುವ ಪದ್ಧತಿಯು ಬೆಳೆದುಬಂದಿತು. ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರ, ಶಹಾಪುರಗಳೂ ಭೀಮಾತೀರದ ಯಾದಗಿರಿಯೂ ಹತ್ತಿಗೆ ಹೇಳಿಸಿದ ಎರೆನೆಲದ ಸೀಮೆಗಳು. ಹತ್ತಿಯುಳ್ಳ ಈ ನಾಡಿನಲ್ಲಿ ಅಂತಹ ಉಡುಪೇಕೆ ಹುಟ್ಟಲಿಲ್ಲ? ಉಡುಗೆಯ ಆಚಾರವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆ ಉತ್ತರವು ಅರ್ಧಸತ್ಯವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಆ ಉಡುಪಿನ ಗುಣವನ್ನು ವಿಚಾರಿಸೋಣ. 1841ರಲ್ಲಿ ಅಮೆರಿಕೆಯ ಓಬರ್ಲಿನ್ ಕಾಲೇಜಿನಿಂದ ಮೂವರು ಸ್ತ್ರೀಯರು ಬಿ.ಎ. ಪದವೀಧರರಾದರು; 1880ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ನಾಲ್ವರು ಸ್ತ್ರೀಯರಿಗೆ ಅದೇ ಪದವಿಯನ್ನಿತ್ತಿತು. ಅಷ್ಟರಲ್ಲಿ ಗಿರಣಿಯ ಬಟ್ಟೆಯು ಅಗ್ಗವಾಗಿದ್ದಿತು. ಹೊಲಿಗೆಯ ಯಂತ್ರವು ಮನೆಗಳನ್ನು ಹೊಕ್ಕಿದ್ದಿತು. ಹತ್ತಿಯ ತೆಳುಬಟ್ಟೆಯು ರೇಷ್ಮೆಗಿಂತ ಅಲ್ಪಬೆಲೆಯದು, ಕುದಿನೀರಿನಲ್ಲಿ ಒಗೆಯಬಹುದಾದುದು, ಮನೆಯಲ್ಲಿಯೇ ಹೊಲಿಯಬಹುದಾದುದು. ಸಿರಿವಂತರ ಮಗಳೂ ಬಡವರ ಮಗಳೂ ಆ ದಿನ ಸಮಾನರಾಗಿ ಕಾಣಬೇಕೆಂಬುದು ಸಾದಾ ಉಡುಪನ್ನು ಎತ್ತಿಹಿಡಿದವರ ವಾದವಾಗಿದ್ದಿತು. ಆದರೂ ಲೇಸು, ಕಸೂತಿ, ನೆರಿಗೆಗಳ ಮೂಲಕ ಭೇದವು ಒಳಹೊಕ್ಕುದುಂಟು.

ನಮ್ಮ ಸೀಮೆಯಲ್ಲಾದರೋ ಬಿಳುಪು ಮುಖ್ಯವಾಗಿ ಗಂಡಸರ ಉಡುಗೆಯ ಬಣ್ಣ: ಧೋತರ, ಅಂಗಿ, ರುಮಾಲು. ಹೆಂಗಸರ ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಗಾಢವರ್ಣದ್ದು. ಬಿಳುಪು ಕಾಣುವುದು ಕೆಂಪು ಸೆರಗಿನ ತೆನೆಗಳಲ್ಲಿ. ಕುಪ್ಪಸಕ್ಕೆ ಗುಳೇದಗುಡ್ಡದ ಬಣ್ಣದ ಕಣ. ಕನ್ಯೆಗೂ ಮುತ್ತೈದೆಗೂ ಬಣ್ಣವೇ ಮಂಗಳಕರವು. ಬರಿಯ ಬಿಳಿಯ ಸೀರೆಯು ಅನೇಕ ಸಮುದಾಯಗಳಲ್ಲಿ ವೈಧವ್ಯದ ಗುರುತು. ಆದರೆ ಮಡಿಯ ಬ್ರಾಹ್ಮಣ ವಿಧವೆಯರಲ್ಲಿ ಕೆಂಪು ಸೀರೆಯ ರೂಢಿಯೂ ಕನ್ನಡನಾಡಿನಲ್ಲಿದ್ದುದರಿಂದ ಈ ಸಂಕೇತವನ್ನು ಸರ್ವಸಾಧಾರಣವೆನ್ನಲಾಗದು.

ಬಣ್ಣದ ಆಚಾರವು ವಿದ್ಯೆಗೆ ನಿಜವಾಗಿಯೂ ಅಡ್ಡಿಯಾಗಿದ್ದಿತೇ? 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿ ಜೋಶಿಯವರು ಎಂ.ಡಿ. ಪದವಿಯನ್ನು ಪಡೆದರು. ಪರದೇಶದಲ್ಲಿಯೂ ಆಕೆ ಸೀರೆಯನ್ನು ಬಿಟ್ಟವರಲ್ಲ. ಆ ಸಮಾರಂಭಕ್ಕೆಂದೇ ಇಂಗ್ಲೆಂಡಿನಿಂದ ಬಂದಿದ್ದ ಪಂಡಿತಾ ರಮಾಬಾಯಿಯವರು ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದವರು, 1882ರಲ್ಲಿ ಪತಿಯನ್ನು ಕಳೆದುಕೊಂಡವರು. ಅವರು ಉಡುತ್ತಿದ್ದುದು ವಿಧವೆಯ ಬಿಳಿಯ ಸೀರೆ. ಅಮೆರಿಕೆಯ ಕನ್ಯೆಗೆ ಶುಭವಾಗಿದ್ದ ಬಣ್ಣವು ಇವರಿಗೆ ವಿಯೋಗದ ಬಣ್ಣ. ಆದರೂ ವಿದ್ವತ್ಸಭೆಗಳಲ್ಲಿ ಇವರ ಗೌರವಕ್ಕೆ ಅದರಿಂದ ಕುಂದಾಗಲಿಲ್ಲ. ಮುಂದೆ 1906ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆ. ಡಿ. ರುಕ್ಮಿಣಿಯಮ್ಮ ಮೊದಲಾದವರು ಬಿ.ಎ. ಪದವೀಧರೆಯರಾದರು, 1911ರಲ್ಲಿ ಮದರಾಸಿನಲ್ಲಿ ಬಾಲವಿಧವೆಯಾಗಿದ್ದ ಸುಬ್ಬಲಕ್ಷ್ಮಿಯವರು ಪದವಿಯನ್ನು ಪಡೆದರು. ವಿದ್ಯಾಲಯದ ಬಾಗಿಲು ತೆರೆದಲ್ಲೆಲ್ಲ ಸೀರೆಯುಟ್ಟವರೂ ಒಳಹೊಕ್ಕರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದ ಸುರಪುರ ಸೀಮೆಯ ವಿಳಂಬಕ್ಕೆ ಕಾರಣವನ್ನು ರಾಜಕೀಯ ಇತಿಹಾಸದಲ್ಲಿಯೂ ಹುಡುಕಬೇಕು. ರಮಾಬಾಯಿಯವರು ಹುಟ್ಟಿದ ವರ್ಷವೇ, ಎಂದರೆ 1858ರಲ್ಲಿ, ರಾಜಾ ವೆಂಕಟಪ್ಪನಾಯಕನ ಪ್ರತಿಭಟನೆಯು ಮುರಿದು ಸುರಪುರದ ಅರಸೊತ್ತಿಗೆಯು ಅಳಿಯಿತು. 1860ರ ಒಪ್ಪಂದದಿಂದ ಸಂಸ್ಥಾನವು ನಿಜಾಮನ ರಾಜ್ಯಕ್ಕೆ ಸೇರಿತು. ಮುಂಬಯಿಯ ಮತ್ತು ಮದರಾಸಿನ ರೈಲುಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿಯು ಆ ಹಾದಿಯ ಮೇಲಿದ್ದಿತು. ಸರಕು ದೂರದ ಬಂದರುಗಳಿಗೆ ಹೋಗಲು ದಾರಿಯಾಯಿತು. ಹುಡುಗಿಯು ಕಾಲೇಜಿಗೆ ಹೋಗಲು ಆಗಲಿಲ್ಲ. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾಭಾಷೆ ಉರ್ದು; ಅಲ್ಲಿ ಮಹಿಳಾ ಕಾಲೇಜು ಬಂದುದು 1924ರಲ್ಲಿ. ಕನ್ನಡ ಮನೆಯ ಹುಡುಗಿಗೆ ದೂರ, ಭಾಷೆ, ಬಾಲ್ಯವಿವಾಹ ಈ ಮೂರನ್ನೂ ದಾಟಬೇಕಾಗಿದ್ದಿತು. 1948ರಲ್ಲಿ ನಿಜಾಮನ ಆಳಿಕೆಯು ಮುಗಿಯಿತು. 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಗುಲ್ಬರ್ಗಾ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1980ರಲ್ಲಿ.

ಈ ಕಾಲಕ್ರಮದ ಫಲವು ಜನಗಣತಿಯಲ್ಲಿಯೂ ಕಾಣುತ್ತದೆ. 2011ರಲ್ಲಿ, ಪ್ರತ್ಯೇಕ ಜಿಲ್ಲೆಯಾಗಿ ಕೇವಲ ಒಂದು ವರ್ಷ ಕಳೆದಿದ್ದ ಯಾದಗಿರಿಯಲ್ಲಿ, ನೂರು ಸ್ತ್ರೀಯರಲ್ಲಿ ಸುಮಾರು 41 ಮಂದಿ ಮಾತ್ರ ಅಕ್ಷರಸ್ಥರು. ಪುರುಷರಲ್ಲಿ ಸುಮಾರು 62 ಮಂದಿ. ಒಟ್ಟು ಸಾಕ್ಷರತೆಯಲ್ಲಿ ಕರ್ನಾಟಕದ ಜಿಲ್ಲೆಗಳ ಪೈಕಿ ಇದೇ ಕಡೆಯದು.

ಬಿಳಿಯ ಉಡುಪು ಇಲ್ಲಿಗೆ ಬರಲಿಲ್ಲವೆಂಬುದು ಕೊರತೆಯಲ್ಲ. ಇಳಕಲ್ ಸೀರೆಯೂ ಪದವೀಧರೆಗೆ ಒಪ್ಪುವ ವಸ್ತ್ರವೇ. ಹೊರನಾಡಿನ ಆ ಉಡುಪಿನ ಹಿಂದಿದ್ದ ಸಭೆ, ಶಾಲೆ, ಸ್ವಭಾಷೆಯ ಪಾಠ, ಮಗಳನ್ನು ಓದಲು ಬಿಟ್ಟ ಮನೆ ಇವು ಬರಲು ತಡವಾದುದೇ ಕೊರತೆ. ಉಡುಗೆಯ ಚರಿತ್ರೆಯನ್ನು ಬರೆಯುವವರು ಧರಿಸಿದ ಬಟ್ಟೆಯನ್ನು ಮಾತ್ರವೇ ಎಣಿಸದೆ, ಅದನ್ನು ಧರಿಸುವ ಸಂದರ್ಭವೇ ದೊರೆಯದವರನ್ನೂ ಗಣನೆಗೆ ತಂದುಕೊಳ್ಳತಕ್ಕದ್ದು.