ಹಳೆಯ ಮಡ್ಗಾರ್ಡಿನ ವಂಶಾವಳಿ

ಹಳೆಯ ಕಾರಿಗೆ ಹೊಂದುವ ಹಳೆಯ ಮಡ್ಗಾರ್ಡು ಹುಡುಕುವುದೂ ಇತಿಹಾಸದ ಮಾತೇ ಎಂದು ಓದುಗರು ನಕ್ಕಾರು. ನಗಲಿ. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಗೋಡೆಗೆ ಒರಗಿ ನಿಂತ ಅಂಬಾಸಿಡರ್ ಮಡ್ಗಾರ್ಡುಗಳಿಗೂ ಒಂದು ವಂಶಾವಳಿಯುಂಟು.

ಆ ವಂಶ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಬಹುದಾಗಿತ್ತು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿ, ಅದಕ್ಕಾಗಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದರು. ವಾಲಚಂದ ಹೀರಾಚಂದರು ಬೆನ್ನಿಗೆ ನಿಂತರು. ಮೈಸೂರು ಸರಕಾರವೂ ಒಲವು ತೋರಿತು. ಒಪ್ಪದವರು ಬ್ರಿಟಿಷರು. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ಕಾರಿಗಾಗಿ 1944ರಲ್ಲಿ ಮುಂಬಯಿಯಲ್ಲಿ ಬೇರೆ ಕಂಪನಿ ಕಟ್ಟಿದರು. ಆಕಾಶದಲ್ಲಿ ಹಾರುವುದಕ್ಕೆ ಅಪ್ಪಣೆ ದೊರೆತ ಊರಿಗೆ ನೆಲದ ಮೇಲೆ ಓಡುವುದಕ್ಕೆ ದೊರೆಯಲಿಲ್ಲ!

ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಗುಜರಾತಿನ ಓಖಾದಲ್ಲಿ ಹುಟ್ಟಿ, ಮುಂದೆ ಕಲಕತ್ತೆಯ ಬಳಿಯ ಉತ್ತರಪಾಡಾಕ್ಕೆ ಹೋಯಿತು. 1953ರಲ್ಲಿ ಸುಂಕ ಆಯೋಗ ಒಂದು ಕಟ್ಟುನಿಟ್ಟಿನ ಸಲಹೆ ಕೊಟ್ಟಿತು: ಬಿಡಿಭಾಗ ತರಿಸಿ ಜೋಡಿಸುವುದಷ್ಟೇ ಕಸುಬಾದವರು ಇಲ್ಲಿ ಉಳಿಯಬೇಕಾಗಿಲ್ಲ. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯ ಅಚ್ಚುಗಳು ಉತ್ತರಪಾಡಾಕ್ಕೆ ಬಂದವು. ಅಲ್ಲಿ ಮೂಡಿದ್ದೇ ಅಂಬಾಸಿಡರ್. 1963, 1975, 1979ರಲ್ಲಿ ಮುಂದಿನ ಜಾಲರಿ ಬದಲಾಯಿತು, ಯಂತ್ರವೂ ಬದಲಾಯಿತು. ಮೈಕಟ್ಟು ಮಾತ್ರ 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಲ್ಲುವವರೆಗೂ ಹೆಚ್ಚುಕಡಮೆ ಅದೇ. ಪರದೇಶಿ ವಿಮರ್ಶಕರು ಇದನ್ನು ಜಡತನವೆಂದರು. ಗುಜರಿಯವರಿಗೆ ಅದೇ ಅನ್ನವಾಯಿತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ದಿನಗಳಲ್ಲಿ ಇದ್ದುದನ್ನು ತಿದ್ದಿಕೊಳ್ಳದೆ ಬೇರೆ ಗತಿಯೂ ಇರಲಿಲ್ಲ. ಸರಕಾರಿ ಕಚೇರಿಗಳು ಹರಾಜು ಹಾಕಿದ ಕಾರುಗಳು ಇಲ್ಲಿಗೆ ಬಂದು, ಕತ್ತರಿಸಿಕೊಂಡು, ಬೇರೆ ಬೇರೆ ಮನೆಗಳಲ್ಲಿ ಪುನರ್ಜನ್ಮ ಪಡೆದವು.

ನಮ್ಮ ತಂದೆಯವರು ಬಿಟ್ಟುಹೋದ ಬಿಳಿಯ ಅಂಬಾಸಿಡರಿನ ಎಡಗಡೆಯ ಮಡ್ಗಾರ್ಡು ದೀಪದ ಮೇಲ್ಗಡೆ ಬೆರಳು ತೂರುವಷ್ಟು ತುಕ್ಕು ತಿಂದಿತ್ತು. ಮನೆಯವರ ಮಾತು ಒಂದೇ: ಕಾರನ್ನೇ ಗುಜರಿಗೆ ಹಾಕಿ. ನಾನು ಟಿಂಕರ್ ಮೇಸ್ತ್ರಿಯನ್ನು ಕರೆದುಕೊಂಡು, ಬಿಚ್ಚಿದ ಮಡ್ಗಾರ್ಡನ್ನು ಆಟೋದಲ್ಲಿ ಹೇರಿಕೊಂಡು ಶಿವಾಜಿನಗರಕ್ಕೆ ಹೋದೆ. ಹಳೆಯದನ್ನು ಒಯ್ಯದೆ ಹೋಗಬಾರದು. ಬಾಯಿಮಾತಿನಲ್ಲಿ ಎಲ್ಲ ಮಡ್ಗಾರ್ಡುಗಳೂ ಹೊಂದುತ್ತವೆ.

ಮೇಸ್ತ್ರಿ ಜೇಬಿನಿಂದ ಒಂದು ಅಯಸ್ಕಾಂತ ತೆಗೆದ. ಅದು ಅಂಟಿದ ಕಡೆ ತಗಡು, ಜಾರಿದ ಕಡೆ ಲಪ್ಪ. ಮೊದಲನೆಯದು ಅರ್ಧ ಲಪ್ಪವೇ. ಎರಡನೆಯದರ ಬೋಲ್ಟಿನ ತೂತುಗಳು ಎಳೆದು ಅಗಲವಾಗಿದ್ದವು. ಮೂರನೆಯದನ್ನು ಮಗುಚಿ ಒಳಗಡೆ ನೋಡಿದ, ಬೆರಳಿನಿಂದ ತಟ್ಟಿ ಸದ್ದು ಕೇಳಿದ, ನಮ್ಮದರ ಮೇಲೆ ಇಟ್ಟು ಅಂಚು ಸರಿಹೋಗುವುದೇ ಎಂದು ಅಳೆದ. ಹೊಳೆಯುವ ಹೊಸದೊಂದೂ ಅಲ್ಲಿತ್ತು. "ಅದು ಬೇಡಿ ಸಾರ್, ತಗಡು ತೆಳು. ಇದು ಕಂಪನಿದು" ಎಂದ ಅಂಗಡಿಯವ, ಹೊಸದಕ್ಕಿಂತ ಹೆಚ್ಚಿನ ಬೆಲೆ ಹೇಳಿ! ಅರ್ಧ ಗಂಟೆ ಚೌಕಾಸಿ ನಡೆಯಿತು.

ಬಣ್ಣವೂ ಬಿಳಿಯೇ. ಆದರೆ ಬಿಸಿಲು ಕುಡಿದ ಎರಡು ಬಿಳಿಗಳು ಒಂದಾಗುವುದಿಲ್ಲ; ನಮ್ಮದು ಹಾಲು, ಇದು ಮಜ್ಜಿಗೆ. ಅಚ್ಚು ಒಂದೇ ಆದರೂ ಹೊಂದಿಸುವುದಕ್ಕೆ ಮೇಸ್ತ್ರಿಗೆ ಎರಡು ದಿನ ಹಿಡಿಯಿತು. ಇಲ್ಲಿ ಸುತ್ತಿಗೆ, ಅಲ್ಲಿ ಅರ. ಕೊನೆಗೆ ಬಣ್ಣಕ್ಕಾಗಿ ಉಜ್ಜುತ್ತಿದ್ದವನು ನನ್ನನ್ನು ಕೂಗಿ ಕರೆದ. ಬಿಳಿಯ ಕೆಳಗೆ ಟ್ಯಾಕ್ಸಿಯ ಹಳದಿ ಕಾಣುತ್ತಿತ್ತು, ಕಲಕತ್ತೆಯ ಬೀದಿಗಳಲ್ಲಿ ಕಾಣುವಂಥ ಹಳದಿ. ಅದರ ಕೆಳಗೆ ಇನ್ನೊಂದು ಬಿಳಿ.

"ಇನ್ನೂ ಉಜ್ಜಲೇ?" ಎಂದ. ಸಾಕೆಂದೆ.