ಹೂವಿನ ಮೂಲ, ಹುಲ್ಲಿನ ಕಟ್ಟಳೆ: ಕ್ರಿಕ್‌ಲೇಡ್‌ನ ಫ್ರಿಟಿಲರಿ ಕುರಿತು

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ, ಥೇಮ್ಸ್ ಮತ್ತು ಚರ್ನ್ ನದಿಗಳ ನಡುವೆ, ಕ್ರಿಕ್‌ಲೇಡ್ ಊರಿನವರ ನಾರ್ತ್ ಮೆಡೋ ಎಂಬ ಹುಲ್ಲುಗಾವಲಿದೆ. ಚಳಿಗಾಲದ ನೆರೆ ಇಳಿದು ಏಪ್ರಿಲ್ ಮುಗಿಯುವ ಹೊತ್ತಿಗೆ ಅಲ್ಲಿ ಫ್ರಿಟಿಲರಿಯ ಮೆಲಿಯಾಗ್ರಿಸ್ ಲಕ್ಷಗಟ್ಟಲೆ ಅರಳುತ್ತದೆ. ತಲೆಬಾಗಿದ ಗಂಟೆಯಂಥ ಹೂ. ಎಸಳಿನ ತುಂಬ ನೇರಳೆ ಚೌಕುಳಿ. ನಡುನಡುವೆ ಅಚ್ಚ ಬಿಳಿಯವೂ ಉಂಟು. ಬ್ರಿಟನ್ನಿನಲ್ಲಿ ತಾನಾಗಿ ಬೆಳೆಯುವ ಈ ಗಿಡಗಳಲ್ಲಿ ಶೇ. 80ರಷ್ಟು ಈ ಒಂದೇ ಬಯಲಿನಲ್ಲಿವೆ ಎಂಬುದು ರೂಢಿಯ ಅಂದಾಜು.

ಇದನ್ನು ಇಂಗ್ಲೆಂಡಿನ ನೆಲದ ಹೂವೆಂದೇ ಜನ ಕೊಂಡಾಡುತ್ತಾರೆ. ದಾಖಲೆಗಳು ಅಷ್ಟು ಖಚಿತವಾಗಿಲ್ಲ. ಜಾನ್ ಜೆರಾರ್ಡ್ 1597ರ ತನ್ನ ಸಸ್ಯಗ್ರಂಥದಲ್ಲಿ ಇದನ್ನು ತೋಟದ ಗಿಡವೆಂದು ವರ್ಣಿಸಿ, ಮೊದಲು ಕಂಡವನು ಫ್ರಾನ್ಸಿನ ಓರ್ಲಿಯಾನ್‌ನ ಔಷಧಿಕಾರ ನೊಯೆಲ್ ಕಾಪೆರಾನ್ ಎನ್ನುತ್ತಾನೆ. ಇಂಗ್ಲೆಂಡಿನ ಬಯಲಿನಲ್ಲಿ ಕಂಡದ್ದಕ್ಕೆ ಸಾಮಾನ್ಯವಾಗಿ ಒಪ್ಪಿರುವ ಮೊದಲ ದಾಖಲೆ 1736ರದು. ಇಷ್ಟು ಎದ್ದು ಕಾಣುವ ಹೂವು ಜಾನ್ ರೇಯಂಥ ಸೂಕ್ಷ್ಮದೃಷ್ಟಿಯ ಸಸ್ಯಜ್ಞನ ಕಣ್ಣಿಗೂ ಬೀಳದೆ ಹೋದೀತೇ ಎಂಬುದು ಸಂದೇಹಿಗಳ ಪ್ರಶ್ನೆ. ಹುಲ್ಲು ಕೊಯ್ಯುವವರೆಗೂ ಬೇರೆಯವರು ಕಾಲಿಡದ ಗಾವಲುಗಳಲ್ಲಿ ಕೆಲವೇ ವಾರ ಅರಳುವ ಹೂವು ತಪ್ಪಿಹೋಗಿದ್ದರೆ ಆಶ್ಚರ್ಯವಿಲ್ಲ ಎಂಬುದು ಎದುರು ವಾದ.

ಸ್ವೀಡನ್ನಿನ ಉಪ್ಸಾಲಾದ ಉದಾಹರಣೆ ಇಲ್ಲಿ ಬಹಳ ಮುಖ್ಯ. ಅಲ್ಲಿ 17ನೇ ಶತಮಾನದಲ್ಲಿ ಓಲೋಫ್ ರುಡ್ಬೆಕ್‌ನ ತೋಟದಲ್ಲಿದ್ದ ಇದೇ ಗಿಡ ಮುಂದಿನ ಶತಮಾನದಲ್ಲಿ ಕುಂಗ್ಸೆಂಗೆನ್ ಹುಲ್ಲುಗಾವಲನ್ನು ಸೇರಿ ನೆಲೆಯೂರಿತು. ಇಂದು ಅದು ಉಪ್ಲಾಂಡ್ ಪ್ರಾಂತದ ಲಾಂಛನಪುಷ್ಪ. ಹಾಗಾಗಿ ಸಮೃದ್ಧವಾಗಿ ಅರಳುತ್ತದೆ ಎಂಬ ಮಾತ್ರಕ್ಕೆ ಮೂಲನಿವಾಸಿ ಎಂದು ತೀರ್ಮಾನಿಸಲಾಗದು. ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಡುವ ಪ್ರಶ್ನೆ ಬೇರೆ: ಬಂದದ್ದು ಎಲ್ಲಿಂದಲೇ ಆಗಲಿ, ಅದು ಉಳಿದದ್ದು ಹೇಗೆ?

ಉತ್ತರ ಊರಿನ ಕಟ್ಟಳೆಯಲ್ಲಿದೆ. ನಾರ್ತ್ ಮೆಡೋ ಮಲೆನಾಡಿನ ಬೇಣದಂತೆ ಹುಲ್ಲಿಗೆಂದೇ ಕಾದಿಟ್ಟ ನೆಲ. ವಸಂತದಿಂದ ಹುಲ್ಲು ಬೆಳೆಯಬಿಟ್ಟು, ಜುಲೈಯಲ್ಲಿ ಕೊಯ್ದು ಒಣಗಿಸಿ ಹೊರಸಾಗಿಸುತ್ತಾರೆ. ಕೊಯ್ಯುವ ಹಕ್ಕಿನ ಪಾಲುಗಳ ಗಡಿಗಲ್ಲುಗಳು ಇನ್ನೂ ನಿಂತಿವೆ. ಆಗಸ್ಟ್ 12ರಿಂದ ಫೆಬ್ರವರಿ 12ರವರೆಗೆ ಊರವರ ದನಕುರಿಗಳಿಗೆ ಮೇವಿನ ಹಕ್ಕು. ಅದರ ಮೇಲ್ವಿಚಾರಣೆ ಕೋರ್ಟ್ ಲೀಟ್ ಎಂಬ ಹಳೆಯ ಊರಸಭೆಯದು. ಆಗಸ್ಟ್ 12 ಎಂದರೆ ಹಳೆಯ ಲಾಮಸ್ ಹಬ್ಬದ ದಿನ. 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸಿ 11 ದಿನ ಕೈಬಿಟ್ಟಾಗ ಆಗಸ್ಟ್ 1ರ ಹಬ್ಬ ಹೊಸ ಲೆಕ್ಕದಲ್ಲಿ 12ಕ್ಕೆ ಬಿತ್ತು; ಹುಲ್ಲುಗಾವಲು ಹಳೆಯ ದಿನವನ್ನೇ ಹಿಡಿದುಕೊಂಡಿತು.

ಗಿಡದ ಬಾಳು ಈ ದಿನಗಳಿಗೆ ಅಚ್ಚರಿಯಾಗುವಷ್ಟು ಹೊಂದುತ್ತದೆ. ಏಪ್ರಿಲ್‌ನಲ್ಲಿ ರಾಣಿ ಬಂಬಲ್‌ಬೀಗಳು ಪರಾಗ ಸಾಗಿಸುತ್ತವೆ. ಕೊಯ್ಲಿನ ಹೊತ್ತಿಗೆ ಬೀಜ ಬಲಿತು ಉದುರಿ, ಗಿಡ ಗೆಡ್ಡೆಯಾಗಿ ಮಣ್ಣಿನಡಿ ಸೇರಿರುತ್ತದೆ. ಕತ್ತಿಗೆ ಸಿಗುವುದು ಹುಲ್ಲು ಮಾತ್ರ. ದನಗಳು ಚಿಗುರಿದ ಹುಲ್ಲನ್ನು ಮೇಯ್ದು, ಗೊರಸಿನಿಂದ ನೆಲ ಕೆದಕಿ, ಎಳೆಸಸಿಗಳಿಗೆ ಬೆಳಕಿನ ತಾವು ಮಾಡಿಕೊಡುತ್ತವೆ; ವಸಂತದ ಬೆಳವಣಿಗೆ ಬಿರುಸಾಗುವ ಮೊದಲೇ ಹೊರಟುಹೋಗುತ್ತವೆ. ಬೀಜದಿಂದ ಹುಟ್ಟಿದ ಗಿಡ ಹೂ ಬಿಡಲು ಹಲವು ವರ್ಷ ಬೇಕು. ಆದ್ದರಿಂದ ಈ ಏರ್ಪಾಡು ವರ್ಷ ವರ್ಷವೂ ತಪ್ಪದೆ ನಡೆಯಬೇಕು. ಹೂವಿಗೆಂದು ಯಾರೂ ರೂಪಿಸದ ಕಟ್ಟಳೆಯೇ ಹೂವನ್ನು ಕಾಯುತ್ತ ಬಂದಿದೆ.

ಉಳಿದೆಡೆ ಉಳುಮೆ, ರಸಗೊಬ್ಬರ, ಒಳಚರಂಡಿಗಳು ಈ ಬಗೆಯ ನೆಲವನ್ನು ನುಂಗಿದವು. 1930ರ ದಶಕದಿಂದ 1984ರೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗುನಾಡಿನ ಸಹಜ ಹುಲ್ಲುಗಾವಲುಗಳಲ್ಲಿ ಶೇ. 97ರಷ್ಟು ಹೋದವೆಂದು ಆರ್. ಎಂ. ಫುಲ್ಲರ್ 1987ರಲ್ಲಿ ಲೆಕ್ಕಹಾಕಿದರು.

ಕ್ರಿಕ್‌ಲೇಡ್‌ಗೆ ಈಗಿನ ಆತಂಕ ನೀರಿನದು. ನೆರೆ ತರುವ ಹೂಳಿನಲ್ಲಿ ರಂಜಕವಿರುತ್ತದೆ. ಅದನ್ನು ಹೊರಹಾಕುವ ಮುಖ್ಯ ದಾರಿ ಕೊಯ್ದ ಹುಲ್ಲೇ. ಬೇಸಿಗೆಯಲ್ಲೂ ನೆರೆ ಬಂದರೆ ಕೊಯ್ಲು ತಡವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಆಗ ಪೋಷಕಾಂಶ ಮಣ್ಣಿನಲ್ಲೇ ಉಳಿದು ಜೇಕು ಮತ್ತು ಒರಟು ಹುಲ್ಲುಗಳು ಕೊಬ್ಬುತ್ತವೆ, ಫ್ರಿಟಿಲರಿ ಅವುಗಳ ನೆರಳಿಗೆ ಸಿಲುಕುತ್ತದೆ. ಬೇಲಿ ಹಾಕಿ ಜನರನ್ನು ದೂರವಿಟ್ಟರೆ ಇದಕ್ಕೆ ಪರಿಹಾರವಿಲ್ಲ. ಒದ್ದೆ ನೆಲದಲ್ಲೂ ಓಡಾಡಬಲ್ಲ ಹಗುರ ಕೊಯ್ಲುಯಂತ್ರಗಳು, ಕೆಸರು ಮೆತ್ತಿದ ಹುಲ್ಲನ್ನೂ ಕೊಳ್ಳುವ ವ್ಯವಸ್ಥೆ, ಬಯಲಿನ ಕಾಲುವೆಗಳ ಹೂಳೆತ್ತುವಿಕೆ: ಸಂರಕ್ಷಣೆಯ ಹಣ ಮೊದಲು ಹೋಗಬೇಕಾದದ್ದು ಇವುಗಳಿಗೆ.