ಬಾರ್‌ಟೆಂಡರ್ ಕಸುಬು ಬೆಳೆದ ಬಗೆ

ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಎಂಬ ಕಹಿದ್ರವದ ಮಿಶ್ರಣವೆಂದು 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ವಿವರಿಸಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಮಂಜುಗಡ್ಡೆಯನ್ನು ಹಡಗಿನಲ್ಲಿ ಸಾಗಿಸಿ ಮಾರತೊಡಗಿದ್ದೂ ಅದೇ ವರ್ಷ. ಮುಂದೆ ಐಸ್ ಅಗ್ಗವಾದಂತೆ ಅಮೆರಿಕದ ಬಾರುಗಳ ಸ್ವರೂಪವೇ ಬದಲಾಯಿತು. ಕಸುಬಿನ ಹದಗಳು ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿದಿದ್ದವು. 1862ರಲ್ಲಿ ಬಾರ್‌ಟೆಂಡರ್ ಜೆರ್ರಿ ಥಾಮಸ್ ಅವನ್ನು ಪುಸ್ತಕವಾಗಿಸಿದ್ದು ನಿಜಕ್ಕೂ ದೊಡ್ಡ ಉಪಕಾರ. ಉರಿಯುವ ವಿಸ್ಕಿಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತಿ ಸುರಿಯುವ ‘ಬ್ಲೂ ಬ್ಲೇಜರ್’ ಅವನ ಹೆಸರಿನೊಂದಿಗೇ ಉಳಿದಿದೆ. 1920ರ ಪಾನನಿಷೇಧ ಈ ಕುಶಲಿಗಳನ್ನು ಚದುರಿಸಿತು. ಲಂಡನ್ನಿಗೆ ಹೋದ ಹ್ಯಾರಿ ಕ್ರ್ಯಾಡಕ್, ಸವಾಯ್ ಹೋಟೆಲಿನ ಬಾರಿನಲ್ಲಿ ಖ್ಯಾತ ಅಡಾ ಕೋಲ್‌ಮನ್ ನಂತರ ಮುಖ್ಯಸ್ಥನಾಗಿ, 1930ರಲ್ಲಿ ಕಾಕ್‌ಟೇಲ್‌ಗಳ ಸಂಗ್ರಹ ಹೊರತಂದ. ಅಮೆರಿಕದಲ್ಲಿ ರಾಷ್ಟ್ರವ್ಯಾಪಿ ನಿಷೇಧ ರದ್ದಾದದ್ದು 1933ರ ಡಿಸೆಂಬರ್ 5ರಂದು.